ತಿದ್ದುಪಡಿ ಪತ್ರ ಬರೆದ ಗುರ್ಕಾರರು

ಮದುವೆಯ ಕಾಗದ ಕೊಟ್ಟರೆ ನಮ್ಮ ಗುರ್ಕಾರರು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಹುಡುಗ ಯಾರು, ಹುಡುಗಿ ಯಾರು ಎಂಬುದೆಲ್ಲ ಆಮೇಲೆ. ಮೊದಲು ಸಭಾಂಗಣ ಯಾವುದು, ಚರ್ಚಿನಲ್ಲಿ ಪೂಜೆ ಎಷ್ಟು ಗಂಟೆಗೆ, ಯಾವ ವಾರ ಎಂದು ನೋಡಬೇಕು. ಯಾಕೆ ಹೀಗೆ ಎಂದು ಕೇಳಿದರೆ, "ಮೇಲಿನದ್ದನ್ನು ಹತ್ತು ಜನ ನೋಡಿ ಸರಿ ಮಾಡಿರ್ತಾರೆ ಟೀಚರ್, ತಪ್ಪು ಕೂತಿರುವುದು ಕೆಳಗೆ" ಎನ್ನುತ್ತಿದ್ದರು. ನನ್ನ ಮಗನ ಮದುವೆಯ ಕಾಗದದಲ್ಲಿ ವಾರ ತಪ್ಪಾಗಿದ್ದದ್ದನ್ನು ಹಿಡಿದವರೂ ಅವರೇ. ಅಷ್ಟರಲ್ಲಿ ಅರ್ಧ ಊರಿಗೆ ಕಾಗದ ಹಂಚಿಯಾಗಿತ್ತು. ನನ್ನ ಸಿಟ್ಟು ಪ್ರೆಸ್ಸಿನವನ ಮೇಲೆ ಬರಬೇಕಿತ್ತು, ಇವರ ಮೇಲೆ ಬಂತು.

ಅವರ ಕೆಲಸವೇ ಹಾಗಿತ್ತು. ಬೆಳ್ತಂಗಡಿಯ ತಾಲೂಕು ಕಚೇರಿಯ ಎದುರಿನ ಒಂದು ಜಗಲಿಯಲ್ಲಿ ಮೇಜು ಹಾಕಿಕೊಂಡು ನಲವತ್ತು ವರ್ಷ ಕ್ರಯಪತ್ರ, ಪಾಲುಪತ್ರ, ದಾನಪತ್ರ ಬರೆದರು. ಮನೆ ವಾಮದಪದವಿನ ಹತ್ತಿರ, ನಮ್ಮ ಮನೆಯಿಂದ ಕೂಗಳತೆಯಲ್ಲಿ. ಬಂಟ್ವಾಳದಲ್ಲಿಯೂ ಇದೇ ಕೆಲಸಕ್ಕೆ ಜಾಗ ಸಿಗುತ್ತಿತ್ತು, ಆದರೆ ಕೆಲಸ ಕಲಿಸಿದ ಹಿರಿಯರು ಬೆಳ್ತಂಗಡಿಯವರು ಎಂದು ದಿನಾ ಎರಡು ಬಸ್ಸು ಬದಲಿಸಿ ಅಲ್ಲಿಗೇ ಹೋಗುತ್ತಿದ್ದರು. ಬರೆದ ಕಾಗದದಲ್ಲಿ ಖಾಲಿ ಜಾಗ ಉಳಿದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಅರ್ಧ ಪುಟ ಉಳಿದಿದ್ದರೆ ಅಡ್ಡಕ್ಕೊಂದು ಗೆರೆ ಎಳೆದು, ಮುಂದೆ ಯಾರೂ ಏನೂ ಸೇರಿಸದ ಹಾಗೆ ಮುಗಿಸಿಬಿಡುವುದು. ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳ ಪುಸ್ತಕದಲ್ಲಿಯೂ ಹೀಗೆ ಗೆರೆ ಎಳೆಯುತ್ತಿದ್ದರು. ಪುಟ ಹಾಳಾಯಿತೆಂದು ತಾಯಂದಿರು ನನ್ನ ಹತ್ತಿರ ಬಂದು ದೂರುತ್ತಿದ್ದರು.

ಗುರ್ಕಾರ ಎಂದರೆ ಏನೆಂದು ಹೊರಗಿನವರಿಗೆ ಹೇಳಬೇಕಾಗುತ್ತದೆ. ನಮ್ಮ ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳನ್ನು ವಾರ್ಡುಗಳಾಗಿ ಹಂಚಿರುತ್ತಾರೆ. ಒಂದೊಂದು ವಾರ್ಡಿಗೆ ಒಬ್ಬ ಹಿರಿಯ, ಅವನೇ ಗುರ್ಕಾರ. ಯಾರಿಗೆ ಹುಷಾರಿಲ್ಲ ಎಂದು ಪಾದ್ರಿಗಳಿಗೆ ತಿಳಿಸುವುದು, ಸಾವಿನ ಮನೆಯಲ್ಲಿ ಜಪಸರದ ಪ್ರಾರ್ಥನೆ ನಡೆಸುವುದು, ಮುನಿಸಿಕೊಂಡ ಎರಡು ಮನೆಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು ಅವನ ಕೆಲಸ. ಅಧಿಕಾರ ಏನೂ ಇಲ್ಲ, ಬೈಗುಳ ಮಾತ್ರ ಧಾರಾಳ. ನಮ್ಮ ಗುರ್ಕಾರರು ಇಪ್ಪತ್ತು ವರ್ಷ ಈ ಬೈಗುಳ ತಿಂದರು. ತಿಂದು ದಪ್ಪವಾಗಲೂ ಇಲ್ಲ. ಕೊನೆಯವರೆಗೂ ಒಣಕಲು ಮನುಷ್ಯ, ಅಂಗಿಯ ಜೇಬಿನಲ್ಲಿ ಎರಡು ಕಪ್ಪು ಪೆನ್ನು.

ಧರ್ಮೋಪದೇಶದಲ್ಲಿ ನಾನು ಚಿಕ್ಕ ಮಕ್ಕಳಿಗೆ, ಅವರು ದೊಡ್ಡ ಮಕ್ಕಳಿಗೆ. ವಾರದಲ್ಲಿ ಆರು ದಿನ ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ಏಳನೆಯ ದಿನವೂ ಮಕ್ಕಳ ಮುಖ ನೋಡಬೇಕಲ್ಲ ಎಂದು ನಾನು ಗೊಣಗುತ್ತಿದ್ದೆ. ಅವರಿಗೆ ಆ ದಿನ ಹಬ್ಬ. ಅವರ ಪಾಠದ ಕ್ರಮ ವಿಚಿತ್ರವಾಗಿತ್ತು. ಯಾವ ಮಾತಿಗೂ ಬೈಬಲಿನ ಅಧ್ಯಾಯ, ವಚನ ಹೇಳಲೇಬೇಕು, ಅದೂ ಜಾಗದ ಸರ್ವೆ ನಂಬ್ರ ಹೇಳಿದಷ್ಟು ಖಚಿತವಾಗಿ. "ಯೇಸು ನೀರಿನ ಮೇಲೆ ನಡೆದರು" ಎಂದು ಹೇಳಿ ಕೂತುಕೊಂಡರೆ ಆಗುವುದಿಲ್ಲ. "ನಂಬ್ರ ಹೇಳು, ಸಬ್ ಡಿವಿಜನ್ ಹೇಳು" ಎಂದು ನಿಲ್ಲಿಸಿಯೇ ಬಿಡುವುದು. ಇದರಿಂದ ಆದ ಲಾಭವೆಂದರೆ ನಮ್ಮ ವಾರ್ಡಿನ ಮಕ್ಕಳು ಬೈಬಲ್ ರಸಪ್ರಶ್ನೆಗಳಲ್ಲಿ ಯಾರಿಗೂ ಸೋಲುತ್ತಿರಲಿಲ್ಲ. ಅವರ ಒಬ್ಬಳೇ ಮಗಳು ಆರನೆಯ ತರಗತಿಯಿಂದಲೇ ಬಹುಮಾನ ಹೊಡೆಯುತ್ತ ಬಂದವಳು.

ಆ ಮಗಳು ನರ್ಸಾದಳು. ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ಕೆಲಸ, ಅಲ್ಲಿಯೇ ಮದುವೆ, ಮನೆ. ಅಲ್ಲಿ ಗಂಡನ ಕಡೆಯವರ ಜೊತೆ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದಳು. ಆ ಕೂಟದವರ ಪ್ರಕಾರ ಪುಸ್ತಕದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಾದ್ರಿ, ಪೋಪ್, ಸಂತರು, ಪ್ರತಿಮೆ, ಜಪಸರ ಎಲ್ಲ ಮನುಷ್ಯರು ಆಮೇಲೆ ಸೇರಿಸಿದ್ದು. ಊರಿನಲ್ಲಿ ಗುಸುಗುಸು ಶುರುವಾಯಿತು. ನಾನೂ ಅದರಲ್ಲಿ ಸೇರಿದ್ದೆ, ಸುಳ್ಳು ಹೇಳುವುದು ಯಾಕೆ. ಆದರೆ ಆ ಹುಡುಗಿ ಹಾಳಾದಳು ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಮೊದಲು ಮಾತೆತ್ತಿದರೆ ಸಿಡುಕುತ್ತಿದ್ದವಳು ಈಗ ಮೆತ್ತಗಾಗಿದ್ದಳು. ರೋಗಿಗಳನ್ನು ಅಕ್ಕರೆಯಿಂದ ನೋಡುತ್ತಾಳೆಂದು ಆ ಆಸ್ಪತ್ರೆಗೆ ಹೋಗಿಬಂದ ನಮ್ಮ ಊರಿನವರೇ ಹೇಳುತ್ತಿದ್ದರು.

ವಿಷಯ ಗಂಭೀರವಾದದ್ದು ಗುರ್ಕಾರರ ಹೆಂಡತಿ ತೀರಿಕೊಂಡಾಗ. ನಮ್ಮಲ್ಲಿ ಸತ್ತ ತಿಂಗಳಿಗೆ ಒಂದು ಪೂಜೆ, ಆಮೇಲೆ ಗೋರಿಯ ಹತ್ತಿರ ಪ್ರಾರ್ಥನೆ. ಸತ್ತವರು ದೇವರ ಮುಂದೆ ನಿಲ್ಲುವ ಮೊದಲು ಶುದ್ಧರಾಗಬೇಕು, ಅದಕ್ಕೆ ಬದುಕಿರುವವರ ಪ್ರಾರ್ಥನೆ ಸಹಾಯ ಮಾಡುತ್ತದೆ ಎಂಬುದು ನಮ್ಮ ನಂಬಿಕೆ. ಮಗಳ ಕೂಟದವರಿಗೆ ಅದಿಲ್ಲ. ಸತ್ತ ಮೇಲೆ ಲೆಕ್ಕ ಮುಗಿಯಿತು, ಯಾರ ಪ್ರಾರ್ಥನೆಯೂ ತಲುಪುವುದಿಲ್ಲ. ತಾಯಿಯ ತಿಂಗಳ ಪೂಜೆಯ ದಿನ ಅವಳು ಇಗರ್ಜಿಯ ಗೇಟಿನ ಹೊರಗೆ, ಬಿಸಿಲಿನಲ್ಲಿ, ಕೈಚೀಲ ಹಿಡಿದು ನಿಂತೇ ಇದ್ದಳು. ಒಳಗೆ ಪೂಜೆ ಮುಗಿಯಿತು, ಗೋರಿಯ ಪ್ರಾರ್ಥನೆ ಮುಗಿಯಿತು, ಅವಳು ಬರಲಿಲ್ಲ. ಎಲ್ಲರೂ ನೋಡಿದರು. ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಗುರ್ಕಾರರು ಮಗಳ ಎಲೆಗೆ ತಾವೇ ಬಡಿಸಿದರು.

ಒಂದು ವಾರ ಕಳೆದ ಮೇಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಗ ತಾವಾಗಿಯೇ ಮಾತೆತ್ತಿದರು. ನಾವು ಮಾತಾಡುವುದು ಕೊಂಕಣಿಯಲ್ಲಿ, ಇಲ್ಲಿ ನಮ್ಮ ಊರಿನ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.

"ಟೀಚರ್, ಇಷ್ಟು ವರ್ಷದಲ್ಲಿ ಎಷ್ಟು ಸಾವಿನ ಮನೆಯಲ್ಲಿ ನಾನು ಪ್ರಾರ್ಥನೆ ಹೇಳಿಸಿದ್ದೇನೆ, ನಿಮಗೆ ಗೊತ್ತುಂಟಲ್ಲ."

"ಗೊತ್ತುಂಟು."

"ನಾನು ಸತ್ತರೆ ನನ್ನ ಮಗಳು ಗೇಟಿನ ಹತ್ರ ನಿಲ್ತಾಳೆ."

"ವಾರ್ಡಿನವರು ಎಲ್ಲ ಇದ್ದೇವಲ್ಲ. ನಾವು ಹೇಳ್ತೇವೆ."

"ನೀವು ಹೇಳ್ತೀರಿ. ನನಗೆ ಅವಳು ಹೇಳಬೇಕು." ಅಷ್ಟು ಹೇಳಿ ಕಿಟಕಿಯ ಕಡೆಗೆ ತಿರುಗಿದರು. ಆ ಮನುಷ್ಯ ತನಗೆ ಬೇಕು ಎಂದು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆ ಅವರು ಪತ್ರ ಬರೆಯುವವರು ಮಾಡುವ ಕೆಲಸವನ್ನೇ ಮಾಡಿದರು, ದಾಖಲೆ ಹುಡುಕಿದರು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಮಕ್ಕಬಿಯರ ಎರಡನೆಯ ಪುಸ್ತಕ ಎಂದು ಒಂದಿದೆ. ಅದರಲ್ಲಿ ಯುದ್ಧದಲ್ಲಿ ಸತ್ತವರ ಪಾಪ ಕಳೆಯಲಿ ಎಂದು ಬದುಕಿದ್ದವರು ಪ್ರಾರ್ಥಿಸಿದ ಪ್ರಸಂಗ ಬರುತ್ತದೆ. ಅಲ್ಲಿಗೆ ಒಂದು ಕಾಗದದ ಚೂರು ಇಟ್ಟುಕೊಂಡು ಮಗಳನ್ನು ಬರಹೇಳಿದರು. ನನ್ನನ್ನೂ ಕರೆದರು. "ಸಾಕ್ಷಿಗೆ ಒಬ್ಬರು ಬೇಕು" ಎಂದರು, ನಗಲಿಲ್ಲ.

ಮಗಳು ತಾಳ್ಮೆಯಿಂದ ಓದಿದಳು. ಓದಿ ತನ್ನ ಚೀಲದಿಂದ ತನ್ನ ಬೈಬಲ್ ತೆಗೆದು ಮೇಜಿನ ಮೇಲಿಟ್ಟಳು.

"ಪಪ್ಪಾ, ನಮ್ಮದರಲ್ಲಿ ಈ ಪುಸ್ತಕವೇ ಇಲ್ಲ."

ಗುರ್ಕಾರರು ಎರಡರ ಪರಿವಿಡಿಯನ್ನೂ ಪಕ್ಕ ಪಕ್ಕ ಇಟ್ಟು ಬೆರಳಿಟ್ಟು ಎಣಿಸಿದರು. ನಮ್ಮದರಲ್ಲಿ ಎಪ್ಪತ್ತಮೂರು, ಅವಳದ್ದರಲ್ಲಿ ಅರವತ್ತಾರು. ಏಳು ಪುಸ್ತಕ ಕಡಿಮೆ. ನನಗೆ ಅದು ಅವತ್ತಿನವರೆಗೆ ಗೊತ್ತಿರಲಿಲ್ಲ.

"ಆಯ್ತು" ಎಂದರು. "ಯಾವ ಪುಸ್ತಕ ಒಳಗೆ ಇರಬೇಕು, ಯಾವುದು ಬೇಡ ಅಂತ ಮಾಡಿದ್ದು ಯಾರು? ಆ ಪಟ್ಟಿ ಬೈಬಲಿನಲ್ಲಿ ಯಾವ ಅಧ್ಯಾಯದಲ್ಲಿ ಉಂಟು?"

ಮಗಳು ಯೋಚಿಸಿದಳು. "ಅಧ್ಯಾಯದಲ್ಲಿ ಇಲ್ಲ."

"ಹಾಗಾದರೆ ನಿನ್ನ ಪುಸ್ತಕ ನಿನ್ನ ಕೈಗೆ ಬರುವ ಮೊದಲು ಯಾರೋ ಕೂತು ಇದು ದೇವರ ಮಾತು ಅಂತ ಹೇಳಿರಬೇಕಲ್ಲ. ಅವರನ್ನು ನಂಬಿದ ಮೇಲೆ ಪುಸ್ತಕ ನಂಬಿದ್ದು ನೀನು. ನಾವು ನಂಬುವುದೂ ಅವರನ್ನೇ ಮಾರಾಯ್ತಿ. ಇಗರ್ಜಿಗೆ ಹೋಗುವ ಕಾಲುದಾರಿ ಯಾವ ಪಹಣಿಯಲ್ಲಿಯೂ ಇಲ್ಲ. ಹಾಗಂತ ದಾರಿ ಇಲ್ವಾ? ನಿನ್ನ ಅಜ್ಜಿ ನಡೆದದ್ದು ಅದರಲ್ಲೇ."

ಗುರ್ಕಾರರು ಗೆದ್ದರು ಎಂದುಕೊಂಡೆ. ನನ್ನ ಮುಖದಲ್ಲಿ ನಗು ಕಂಡಿರಬೇಕು, ಯಾಕೆಂದರೆ ಹುಡುಗಿ ನನ್ನ ಕಡೆ ಒಮ್ಮೆ ನೋಡಿ ಅಪ್ಪನ ಕಡೆ ತಿರುಗಿದಳು.

"ಪಪ್ಪಾ, ದಾರಿ ಪಹಣಿಯಲ್ಲಿ ಇಲ್ಲ ಅಂತ ನೀವು ಈಗ ಹೇಳ್ತೀರಿ. ನಮಗೆ ಕಲಿಸುವಾಗ ಎಲ್ಲ ಪಹಣಿಯಲ್ಲಿ ಉಂಟು ಅಂತಲೇ ಕಲಿಸಿದ್ದು. ಯೇಸುವಿನ ತಾಯಿ ಮರಿಯಮ್ಮನ ಅಪ್ಪ ಜೊವಾಕಿಮ್, ಅಮ್ಮ ಅನ್ನಮ್ಮ. ಬೈಬಲ್ ರಸಪ್ರಶ್ನೆಯಲ್ಲಿ ನೀವೇ ಕೇಳಿದ್ದು. ನನಗೆ ಬಹುಮಾನ ಸಿಕ್ಕಿದ್ದು ಆ ಉತ್ತರಕ್ಕೆ. ಅದು ಎಲ್ಲಿ ಉಂಟು, ನಂಬ್ರ ಹೇಳಿ."

"ಲೂಕನ ಸುವಾರ್ತೆಯಲ್ಲಿ" ಎಂದರು ಗುರ್ಕಾರರು, ಥಟ್ಟನೆ. ಪುಟ ತಿರುಗಿಸಿದರು. ಅಲ್ಲಿರಲಿಲ್ಲ. ಮತ್ತಾಯನದ್ದು ತೆಗೆದರು. ಅಲ್ಲಿ ಇದ್ದ ವಂಶಾವಳಿ ಮರಿಯಮ್ಮನ ಗಂಡ ಜೋಸೆಫರದ್ದು. ಮತ್ತೆ ಲೂಕ, ಮತ್ತೆ ಯೊವಾನ್ನ. ನಾನೂ ಒಂದು ಪ್ರತಿ ತೆಗೆದು ಹುಡುಕತೊಡಗಿದೆ. ಆ ಎರಡು ಹೆಸರನ್ನು ನಾನು ಚಿಕ್ಕ ಮಕ್ಕಳಿಗೆ ಹದಿನೈದು ವರ್ಷ ಬಾಯಿಪಾಠ ಮಾಡಿಸಿದ್ದೆ. ಮಾಡಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಕೊನೆಗೆ ಅವರು ಪುಸ್ತಕ ಮುಚ್ಚಿ ಕನ್ನಡಕ ತೆಗೆದರು.

"ಇಲ್ಲ" ಎಂದರು.

ಮಗಳು ಗೆದ್ದ ಮುಖ ಮಾಡಲಿಲ್ಲ. ಅವಳಿಗೆ ಅಳು ಬಂದ ಹಾಗಿತ್ತು. ಅಪ್ಪ ಸೋಲುವುದನ್ನು ಅವಳೂ ಅದೇ ಮೊದಲು ನೋಡಿದ್ದು ಕಾಣುತ್ತದೆ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೂ ಹೊರಟುಹೋದಳು.

ಮರುದಿನ ಬೆಳಗ್ಗಿನ ಪೂಜೆ ಮುಗಿದ ಮೇಲೆ ಗುರ್ಕಾರರು ಪಾದ್ರಿಗಳನ್ನು ಹಿಡಿದರು. ಪಾದ್ರಿಗಳು ಚಿಕ್ಕ ಪ್ರಾಯದವರು, ಓದಿಕೊಂಡವರು. "ಹೌದು, ಆ ಹೆಸರುಗಳು ಗ್ರಂಥದಲ್ಲಿ ಇಲ್ಲ, ಪರಂಪರೆಯಲ್ಲಿ ಬಂದದ್ದು. ಮೊಂತಿ ಹಬ್ಬಕ್ಕೆ ನಾವು ಆಚರಿಸುವ ಮರಿಯಮ್ಮನ ಹುಟ್ಟಿನ ಕಥೆಯೂ ಗ್ರಂಥದಲ್ಲಿ ಇಲ್ಲ. ಗ್ರಂಥ, ಪರಂಪರೆ ಎರಡೂ ಒಂದೇ ಒರತೆಯ ನೀರು ಅಂತ ನಮ್ಮ ಧರ್ಮಸಭೆ ಹೇಳ್ತದೆ. ಇದರಲ್ಲಿ ನಿಮ್ಮದೇನೂ ತಪ್ಪಿಲ್ಲ, ಬಿಡಿ" ಎಂದರು.

ಬಿಡುವ ಮನುಷ್ಯನೇ ಇವರು? "ಹೆಸರು ಸರಿ ಫಾದರ್. ಆದರೆ ಮೂಲ ತಪ್ಪು ಬರೆದಿದ್ದೇನೆ. ಅಜ್ಜನಿಂದ ಬಂದ ಜಾಗವನ್ನು ಕ್ರಯಕ್ಕೆ ಬಂದದ್ದು ಅಂತ ಬರೆದ ಹಾಗೆ. ಜಾಗ ಅವನದ್ದೇ, ಪತ್ರ ಮಾತ್ರ ನಿಲ್ಲುವುದಿಲ್ಲ" ಎಂದರು.

ನೋಂದಣಿಯಾದ ಪತ್ರದಲ್ಲಿ ತಪ್ಪು ಕಂಡರೆ ಅದನ್ನು ಹೊಡೆದು ಹಾಕುವ ಹಾಗಿಲ್ಲ. ಇನ್ನೊಂದು ಪತ್ರ ಬರೆದು, ಹಿಂದಿನದ್ದರಲ್ಲಿ ಇಂಥ ತಪ್ಪಾಗಿದೆ, ಅದನ್ನು ಹೀಗೆ ಓದಿಕೊಳ್ಳತಕ್ಕದ್ದು ಎಂದು ಹೇಳಿ, ಸಾಕ್ಷಿಗಳ ರುಜು ಹಾಕಿಸಬೇಕು. ಅದಕ್ಕೆ ತಿದ್ದುಪಡಿ ಪತ್ರ ಎಂದು ಹೆಸರು. ಗುರ್ಕಾರರು ಜೀವಮಾನದಲ್ಲಿ ಬೇರೆಯವರ ತಪ್ಪಿಗೆ ಎಷ್ಟೋ ತಿದ್ದುಪಡಿ ಪತ್ರ ಬರೆದಿದ್ದರು. ಈಗ ತಮ್ಮದಕ್ಕೆ ಬರೆದರು.

ಮೊಂತಿ ಹಬ್ಬಕ್ಕೆ ಮುಂಚೆ ಒಂಬತ್ತು ದಿನ ಮಕ್ಕಳು ಮಾತೆಯ ಪ್ರತಿಮೆಗೆ ಹೂ ತರುತ್ತಾರೆ. ಆ ನಡುವಿನ ಭಾನುವಾರ, ಹೂವಿನ ಬುಟ್ಟಿ ಹಿಡಿದ ಮಕ್ಕಳ ಮುಂದೆ, ಹಿಂದೆ ನಿಂತ ಅಪ್ಪ ಅಮ್ಮಂದಿರ ಮುಂದೆ, ಕನ್ನಡಕ ಏರಿಸಿ ಓದಿದರು. ಆ ಕಾಗದದ ನಕಲು ನನ್ನ ಹತ್ತಿರ ಇದೆ. "ಮಾತೆ ಮರಿಯಮ್ಮನವರ ತಂದೆ ತಾಯಿಯ ಹೆಸರು ಪವಿತ್ರ ಗ್ರಂಥದಲ್ಲಿ ಉಂಟೆಂದು ನಾನು ಈ ತನಕ ಕಲಿಸಿಕೊಂಡು ಬಂದದ್ದು ತಪ್ಪಾಗಿರುತ್ತದೆ. ಸದರಿ ಹೆಸರುಗಳು ಗ್ರಂಥದಲ್ಲಿ ಇರುವುದಿಲ್ಲ. ಅವು ನಮ್ಮ ಹಿರಿಯರಿಂದ ಹಿರಿಯರಿಗೆ ಪ್ರಾರ್ಥನೆಯ ಮೂಲಕ ಬಂದು ನನಗೆ ನನ್ನ ತಾಯಿಯಿಂದ ದೊರೆತಿರುತ್ತವೆ. ಹೆಸರುಗಳಿಗೆ ಯಾವ ಬಾಧಕವೂ ಇಲ್ಲ, ಮೂಲವನ್ನು ಮಾತ್ರ ಮೇಲ್ಕಂಡಂತೆ ತಿದ್ದಿ ಓದಿಕೊಳ್ಳತಕ್ಕದ್ದು. ಉಳಿದ ಷರತ್ತುಗಳು ಮೊದಲಿನಂತೆ." ಕೆಳಗೆ ಅವರ ರುಜು, ಸಾಕ್ಷಿಗಳಿಗೆ ಎರಡು ಸಾಲು. ಉಳಿದ ಜಾಗಕ್ಕೆ ಅಡ್ಡ ಗೆರೆ.

ಮಕ್ಕಳಿಗೆ ಏನೂ ಅನ್ನಿಸಲಿಲ್ಲ. ದೊಡ್ಡವರಿಗೆ ಉರಿಯಿತು. ವಾರ್ಡಿನ ವಯಸ್ಸಾದವರೊಬ್ಬರು ಅಂಗಳದಲ್ಲಿಯೇ ಅವರನ್ನು ನಿಲ್ಲಿಸಿಕೊಂಡರು.

"ಇದು ನಿಮಗೆ ಬೇಕಿತ್ತಾ? ನಾಳೆ ಮಕ್ಕಳು ಎಲ್ಲದಕ್ಕೂ ಎಲ್ಲಿ ಉಂಟು ಅಂತ ಕೇಳ್ತಾರೆ."

"ಕೇಳಲಿ. ಎರಡು ಕಡೆ ಹುಡುಕಬೇಕು ಅಂತ ಇನ್ನು ನನಗೂ ಗೊತ್ತುಂಟು."

"ಮಗಳ ಕೂಟದವರಿಗೆ ನೀವೇ ಕತ್ತಿ ಮಸೆದು ಕೊಟ್ಟ ಹಾಗಾಯ್ತು."

ಅವರು ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ಮುಂದಿನ ವರ್ಷ ಇಗರ್ಜಿಯವರು ರಸಪ್ರಶ್ನೆ ನಡೆಸಲು ಬೇರೆಯವರನ್ನು ಹಾಕಿದರು. ಅದರಿಂದ ಗುರ್ಕಾರರಿಗೆ ನೋವಾಯಿತು, ನನಗೆ ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು. ಒಂದು ರುಜು ನಾನು ಹಾಕಿದೆ. ಎರಡನೆಯದಕ್ಕೆ ಅವರು ಪತ್ರ ಓದಿದ ಮರುದಿನವೇ ಕಾಗದ ತೆಗೆದುಕೊಂಡು ಮೂಡುಬಿದಿರೆಗೆ ಹೋದರು. ಮಗಳು ಡ್ಯೂಟಿಯ ಮಧ್ಯೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಎರಡು ಸಲ ಓದಿದಳಂತೆ. "ಇಷ್ಟಕ್ಕಾದರೆ ನಾನು ರುಜು ಹಾಕಬಹುದು" ಎಂದು ಹಾಕಿಕೊಟ್ಟಳಂತೆ. ಬಸ್ಸಿಳಿದು ನಮ್ಮ ಮನೆಗೆ ಬಂದು ಆ ರುಜುವನ್ನು ನನಗೆ ತೋರಿಸಿದರು. ಮನೆ ಕಟ್ಟಿ ಮುಗಿಸಿದವನ ಮುಖ ಹಾಗಿರುತ್ತದೆ.

ಆ ವರ್ಷದಿಂದ ಮೊಂತಿ ಹಬ್ಬದ ಊಟಕ್ಕೆ ಅವಳು ಬರತೊಡಗಿದಳು. ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ತಂದ ಭತ್ತದ ತೆನೆಯ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೆ ಹಾಕಿ ಮನೆಯ ಹಿರಿಯ ಎಲ್ಲರಿಗೂ ಕೊಡುವುದು ನಮ್ಮ ಕ್ರಮ. ಅವಳು ಕುಡಿಯುತ್ತಿದ್ದಳು. ಜಪಸರದ ಹೊತ್ತಿಗೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು. ಅಪ್ಪ ಒಂದು ದಿನವೂ ಕರೆಯಲಿಲ್ಲ, ಅವಳು ಒಂದು ದಿನವೂ ಬೇಗ ತೊಳೆದು ಮುಗಿಸಲಿಲ್ಲ.

ಕಳೆದ ವರ್ಷ ಅವರಿಗೆ ಹೃದಯದ ತೊಂದರೆ ಜೋರಾಯಿತು. ನೋಡಲು ಹೋದಾಗ ನನಗೆ ತಡೆಯಲಾಗಲಿಲ್ಲ. "ಮಗಳ ಹತ್ತಿರ ಈಗಲೇ ಒಂದು ಮಾತು ತಗೊಳ್ಳಿ. ಹಾಸಿಗೆಯಲ್ಲಿ ಮಲಗಿದ ಅಪ್ಪ ಕೇಳಿದರೆ ಇಲ್ಲ ಅಂತ ಹೇಳುವವಳಲ್ಲ ಅವಳು" ಎಂದೆ.

"ಹೇಳುವುದಿಲ್ಲ, ಗೊತ್ತುಂಟು. ಅದಕ್ಕೇ ಕೇಳುವುದಿಲ್ಲ" ಎಂದರು. "ಒತ್ತಾಯ ಮಾಡಿ ಹಾಕಿಸಿದ ರುಜು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಟೀಚರ್. ದೇವರ ಹತ್ರ ನಿಲ್ತದಾ?"

"ಹಾಗಾದರೆ ಎಂತ ಮಾಡುವುದು?"

"ಕಾಯುವುದು. ಸತ್ತ ಮೇಲೆ ನನಗೆ ಬೇರೆ ಎಂತ ಕೆಲಸ ಉಂಟು?"

ಅವರು ತೀರಿಹೋದದ್ದು ಹೋದ ತಿಂಗಳು, ಮಗಳು ಕೆಲಸ ಮಾಡುವ ಆಸ್ಪತ್ರೆಯಲ್ಲಿಯೇ, ಒಂದು ಮಧ್ಯಾಹ್ನ, ಅವಳ ಕೈ ಹಿಡಿದುಕೊಂಡು. ಮಣ್ಣು ಮಾಡುವಾಗ ಅವಳು ಗೇಟಿನ ಹೊರಗೆ ನಿಲ್ಲಲಿಲ್ಲ, ಒಳಗೆ ಬಂದು ಗೋರಿಗೆ ಒಂದು ಹಿಡಿ ಮಣ್ಣು ಹಾಕಿದಳು. ಆದರೆ ಪಾದ್ರಿಗಳು ಪ್ರಾರ್ಥನೆ ಹೇಳಿ ನಾವೆಲ್ಲ ಉತ್ತರ ಕೊಡುವಾಗ ಅವಳ ತುಟಿ ಬಿಗಿದೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ. ನೋಡಬಾರದಿತ್ತು, ನೋಡಿದೆ.

ಹೋದ ವಾರ ತಿಂಗಳ ಪೂಜೆ ಆಯಿತು. ಅವಳು ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಗೋರಿಯ ಹತ್ತಿರದ ಪ್ರಾರ್ಥನೆಗೆ ಬರಲಿಲ್ಲ. ಜನ ಊಟಕ್ಕೆ ಹೊರಟ ಮೇಲೆ ನಾನು ಗೋರಿಯ ಮೇಲಿನ ಮೇಣದ ಬತ್ತಿಗಳ ತುಂಡು ಹೆಕ್ಕುತ್ತ ಹಿಂದೆ ಉಳಿದಿದ್ದೆ. ಆಗ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಟೀಚರ್, ನನ್ನಿಂದ ಪ್ರಾರ್ಥನೆ ಹೇಳಿಸಬೇಕು ಅಂತ ಪಪ್ಪ ನಿಮ್ಮ ಹತ್ರ ಹೇಳಿ ಹೋಗಿದ್ದಾರಾ?"

"ಇಲ್ಲ. ನಿನ್ನಿಂದ ಮಾತು ತಗೊಳ್ಳಿ ಅಂತ ನಾನೇ ಅವರಿಗೆ ಹೇಳಿದ್ದು. ಅವರು ಒಪ್ಪಲಿಲ್ಲ."

"ಅವರಿಗೆ ಬೇಕಿತ್ತು, ಅಲ್ವಾ?"

"ತುಂಬಾ ಬೇಕಿತ್ತು."

ಬಗ್ಗಿ ಒಂದು ಬತ್ತಿಯ ತುಂಡು ಹೆಕ್ಕಿ ನನ್ನ ಕೈಗೆ ಕೊಟ್ಟಳು. "ನನಗೆ ಇದರಲ್ಲಿ ನಂಬಿಕೆ ಇಲ್ಲ ಟೀಚರ್. ಈಗಲೂ ಇಲ್ಲ. ನಂಬಿಕೆ ಇಲ್ಲದೆ ಹೇಳಿದರೆ ಸುಳ್ಳಾಗ್ತದಾ?"

ಮೂವತ್ತು ವರ್ಷ ಮಕ್ಕಳಿಗೆ ಉತ್ತರ ಹೇಳಿಕೊಟ್ಟವಳು ನಾನು. "ನನಗೆ ಗೊತ್ತಿಲ್ಲ ಮಾರಾಯ್ತಿ" ಎಂದೆ.

ಅವಳು ಚಪ್ಪಲಿ ಕಳಚಿ, ಕೈಚೀಲವನ್ನು ಕಲ್ಲಿನ ಮೇಲಿಟ್ಟು, ಅಮ್ಮ ಕಲಿಸಿದ ಕೊಂಕಣಿಯಲ್ಲಿ ಶುರು ಮಾಡಿದಳು. ಸತ್ತವರಿಗೆ ನಿತ್ಯವಾದ ವಿಶ್ರಾಂತಿ ಕೊಡು ಎಂದು ದೇವರನ್ನು ಕೇಳುವ ಎರಡು ಮೂರು ಸಾಲಿನ ಪ್ರಾರ್ಥನೆ ಅದು. ಒಂದು ಪದವೂ ಮರೆತಿರಲಿಲ್ಲ. ಕೊನೆಯ ಆಮೆನ್ ಹೇಳಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಕಾದೆ. ಹೇಳಿದಳು.